ಎಲ್‌ಟಿಸಿ ಕಾರ್ಡ್ ತೋರಿಸಿ ಪಿಸ್ತೂಲು ಕೊಳ್ಳುವುದು: ಟೆಕ್ಸಾಸ್‌ನಲ್ಲಿ ನನ್ನ ಅನುಭವ

ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ತೊಡಕಿಲ್ಲದ 21 ವರ್ಷ ದಾಟಿದವರು ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡಲು ಪರವಾನಗಿ ಬೇಕಿಲ್ಲ. ಆದರೂ ನಾನು ಎಲ್‌ಟಿಸಿ, ಅಂದರೆ ರಾಜ್ಯ ಕೊಡುವ ಲೈಸೆನ್ಸ್ ಟು ಕ್ಯಾರಿ, ಮಾಡಿಸಿಕೊಂಡೆ. ಗುರಿ ಅಭ್ಯಾಸ ನನ್ನ ಹವ್ಯಾಸ. ಹೊಸ ಪಿಸ್ತೂಲು ಕೊಳ್ಳಲು ಅಂಗಡಿಗೆ ಹೋದಾಗಲೆಲ್ಲ ನನ್ನ ಹೆಸರು ದಾರಿಗೆ ಅಡ್ಡ ಬರುತ್ತಿತ್ತು.

ಪರವಾನಗಿ ಪಡೆದ ವ್ಯಾಪಾರಿಯಿಂದ ಬಂದೂಕು ಕೊಳ್ಳುವಾಗ ಮೊದಲು ಫೆಡರಲ್ ಸರ್ಕಾರದ ಫಾರ್ಮ್ 4473 ತುಂಬಬೇಕು. ಆಮೇಲೆ ವ್ಯಾಪಾರಿ ಎಫ್‌ಬಿಐ ನಡೆಸುವ, ಕೊಳ್ಳುವವರ ಹಿನ್ನೆಲೆ ಪರಿಶೀಲಿಸುವ ನಿಕ್ಸ್ ವ್ಯವಸ್ಥೆಗೆ ನಮ್ಮ ವಿವರ ಕಳುಹಿಸುತ್ತಾನೆ. 1993ರ ಬ್ರೇಡಿ ಕಾಯ್ದೆಯಿಂದ ಹುಟ್ಟಿದ ಈ ವ್ಯವಸ್ಥೆ 1998ರ ನವೆಂಬರ್ 30ರಂದು ಶುರುವಾಯಿತು. ಅದರ ಕೇಂದ್ರ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ನಲ್ಲಿದೆ. ಬಹಳಷ್ಟು ಗ್ರಾಹಕರಿಗೆ ಕೆಲವೇ ನಿಮಿಷಗಳಲ್ಲಿ 'ಪ್ರೊಸೀಡ್' ಎಂಬ ಉತ್ತರ ಬರುತ್ತದೆ. ನನಗೆ ಬರುತ್ತಿದ್ದುದು 'ಡಿಲೇ'. ಏಕೆಂದು ಅಂಗಡಿಯವನಿಗೂ ಹೇಳುವುದಿಲ್ಲ. ದಾಖಲೆಯಲ್ಲಿರುವ ಬೇರೆ ಯಾರದೋ ಹೆಸರು, ಹುಟ್ಟಿದ ದಿನಾಂಕಗಳಿಗೆ ನಮ್ಮವು ಹತ್ತಿರವಾಗಿದ್ದರೆ ಹೀಗಾಗುವುದುಂಟು. ತಂದೆಯ ಹೆಸರೇ ಸರ್‌ನೇಮ್ ಆಗಿ ಪಾಸ್‌ಪೋರ್ಟಿಗೆ ಸೇರಿಕೊಂಡ ನಮ್ಮಂಥವರಲ್ಲಿ ಒಂದೇ ಹೆಸರಿನವರು ಎಷ್ಟು ಜನ ಸಿಗುತ್ತಾರೆಂದು ಹೇಳಬೇಕಾಗಿಲ್ಲ. ಹೆಸರು ಬರೆಯುವುದಕ್ಕೂ ಆ ಫಾರ್ಮಿನಲ್ಲಿ ನಿಯಮವಿದೆ: ಕಾನೂನುಬದ್ಧ ಹೆಸರಿನಲ್ಲಿ ಬರೀ ಇನಿಶಿಯಲ್ ಇದ್ದರೆ ಅದರ ಪಕ್ಕದಲ್ಲಿ 'ಐಓ' ಎಂದೂ, ನಡುಹೆಸರು ಇಲ್ಲದಿದ್ದರೆ ಆ ಜಾಗದಲ್ಲಿ 'ಎನ್‌ಎಂಎನ್' ಎಂದೂ ಬರೆಯಬೇಕು. ಕರ್ನಾಟಕದಿಂದ ಬಂದವರು ಈ ಎರಡನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಮೂರು ಕೆಲಸದ ದಿನ ಕಳೆದರೂ ಉತ್ತರ ಬಾರದಿದ್ದರೆ ಬಂದೂಕು ಕೊಡಲು ವ್ಯಾಪಾರಿಗೆ ಫೆಡರಲ್ ಕಾನೂನಿನಲ್ಲಿ ಅವಕಾಶವಿದೆ, ಕೊಡಲೇಬೇಕೆಂದಿಲ್ಲ. ನಾನು ಹೋಗುವ ಅಂಗಡಿಯವನು ಖಚಿತ ಉತ್ತರ ಬರುವವರೆಗೆ ಕೊಡುವುದಿಲ್ಲ. ಅವನ ನಿಲುವನ್ನು ನಾನು ಗೌರವಿಸುತ್ತೇನೆ. 2015ರಲ್ಲಿ ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ ಒಂಬತ್ತು ಜನರನ್ನು ಕೊಂದವನ ಕೈಗೆ ಪಿಸ್ತೂಲು ಸೇರಿದ್ದು ಹೀಗೆ ಗಡುವು ಮೀರಿದ ಮೇಲೆಯೇ. ಹಾಗಾಗಿ ಕಾಯುವುದು ತಪ್ಪಲಿ ಎಂದು ಅವನನ್ನು ಒತ್ತಾಯಿಸಲು ನನಗೆ ಮನಸ್ಸಿರಲಿಲ್ಲ. ಹೆಸರಿನ ಈ ಗೊಂದಲ ತಪ್ಪಿಸಲು ಬೆರಳಚ್ಚು ಕೊಟ್ಟು ಎಫ್‌ಬಿಐನಿಂದ ಯುಪಿಐಎನ್ ಎಂಬ ಗುರುತಿನ ಸಂಖ್ಯೆ ಪಡೆಯುವ ದಾರಿಯೂ ಇತ್ತು. ಆದರೆ ಎಲ್‌ಟಿಸಿ ಇದ್ದರೆ ಟೆಕ್ಸಾಸ್‌ನ ಅಂಗಡಿಯಲ್ಲಿ ನಿಕ್ಸ್ ಬೇಕಾಗುವುದಿಲ್ಲ, ಪಿಸ್ತೂಲು ಇಟ್ಟುಕೊಂಡು ಓಡಾಡಲು ಅದು ಬೇರೆ ಹಲವು ರಾಜ್ಯಗಳಲ್ಲೂ ನಡೆಯುತ್ತದೆಂಬ ಕಾರಣಕ್ಕೆ ನಾನು ಅದನ್ನೇ ಆರಿಸಿಕೊಂಡೆ.

ಅರ್ಜಿಯನ್ನು ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆಗೆ ಆನ್‌ಲೈನಿನಲ್ಲಿ ಹಾಕಿದೆ. ಶುಲ್ಕ 40 ಡಾಲರ್. ಬೆರಳಚ್ಚು ಕೊಟ್ಟೆ. ತರಗತಿಯಲ್ಲಿ ಪ್ರಾಣಾಂತಕ ಬಲವನ್ನು ಯಾವಾಗ ಬಳಸಬಹುದು, ಜಗಳವನ್ನು ಮಾತಿನಲ್ಲೇ ಹೇಗೆ ತಣಿಸಬೇಕು, ಮಕ್ಕಳ ಕೈಗೆ ಸಿಗದಂತೆ ಬಂದೂಕನ್ನು ಎಲ್ಲಿಡಬೇಕು ಎಂಬುದನ್ನೆಲ್ಲ ಹೇಳಿಕೊಟ್ಟು ಲಿಖಿತ ಪರೀಕ್ಷೆ ಮಾಡುತ್ತಾರೆ. ಆಮೇಲೆ ರೇಂಜಿನಲ್ಲಿ 50 ಗುಂಡು: ಮೂರು ಗಜದಿಂದ 20, ಏಳು ಗಜದಿಂದ 20, ಹದಿನೈದು ಗಜದಿಂದ 10. ಒಟ್ಟು 250 ಅಂಕಗಳಲ್ಲಿ 175 ಬಂದರೆ ಉತ್ತೀರ್ಣ. ಮೂರು ಗಜದಲ್ಲಿ ಕಾಗದದ ಆಕೃತಿ ಎದುರಿಗೇ ನಿಂತಂತಿರುತ್ತದೆ, ತೂತುಗಳೆಲ್ಲ ಒಂದೇ ಕಡೆ ಕೂಡಿಕೊಳ್ಳುತ್ತವೆ. ಹದಿನೈದಕ್ಕೆ ಹೋದಾಗ ಉಸಿರು ಸ್ವಲ್ಪ ಏರುಪೇರಾದರೂ ಗುಂಡು ಭುಜದ ಹೊರಗೆ ಹಾರುತ್ತದೆ. "ಟ್ರಿಗರ್ ಕೀಳಬೇಡಿ, ನಿಧಾನವಾಗಿ ಒತ್ತಿ" ಎಂದು ತರಬೇತುದಾರರು ಸಾಲಿನುದ್ದಕ್ಕೂ ಹೇಳುತ್ತಾ ಬಂದರು.

ಅಂಗಡಿಯ ಕೌಂಟರಿನಲ್ಲಿ ಆಗುವ ಪರಿಶೀಲನೆಗಿಂತ ರಾಜ್ಯದ ಪರಿಶೀಲನೆ ಕೆಲವು ವಿಷಯಗಳಲ್ಲಿ ಬಿಗಿ. ಕಳೆದ ಐದು ವರ್ಷಗಳಲ್ಲಿ ಎ ಅಥವಾ ಬಿ ದರ್ಜೆಯ ಸಣ್ಣ ಅಪರಾಧಕ್ಕೆ ಶಿಕ್ಷೆಯಾಗಿದ್ದರೂ ಲೈಸೆನ್ಸ್ ಸಿಗುವುದಿಲ್ಲ. ಮಕ್ಕಳ ಜೀವನಾಂಶ ಬಾಕಿ ಉಳಿಸಿಕೊಂಡವರಿಗೂ ಇಲ್ಲ. ಈ ಸೋಸುವಿಕೆ ನಡೆದಿದೆ ಎಂಬ ನಂಬಿಕೆಯ ಮೇಲೆಯೇ ಫೆಡರಲ್ ಕಾನೂನು ವಿನಾಯಿತಿ ಕೊಡುತ್ತದೆ: ಖರೀದಿ ನಡೆಯುವ ರಾಜ್ಯವೇ ಕೊಟ್ಟ, ಐದು ವರ್ಷ ಮೀರದ, ಅರ್ಹತೆ ನೋಡಿಯೇ ಕೊಟ್ಟ ಪರವಾನಗಿ ಇದ್ದರೆ ನಿಕ್ಸ್‌ಗೆ ಕರೆ ಮಾಡಬೇಕಿಲ್ಲ. ನನ್ನ ಟೆಕ್ಸಾಸ್ ಕಾರ್ಡ್ ಪಕ್ಕದ ಒಕ್ಲಹೋಮಾದ ಅಂಗಡಿಯಲ್ಲಿ ಈ ಕೆಲಸಕ್ಕೆ ಬಾರದು.

ಕಾರ್ಡ್ ಬಂದ ಮೇಲೆ ಅದೇ ಅಂಗಡಿಗೆ ಹೋದೆ. ಫಾರ್ಮ್ 4473 ತುಂಬುವುದು ತಪ್ಪಲಿಲ್ಲ, ತಪ್ಪಲೂಬಾರದು. ನಿಜವಾಗಿ ಕೊಳ್ಳುತ್ತಿರುವವರು ನೀವೇ ತಾನೇ, ಶಿಕ್ಷೆಯಾಗಿದೆಯೇ, ನ್ಯಾಯಾಲಯದ ನಿರ್ಬಂಧಾಜ್ಞೆ ಇದೆಯೇ, ಮಾದಕ ವಸ್ತು ಬಳಸುತ್ತೀರಾ – ಎಲ್ಲಕ್ಕೂ ಒಂದೊಂದಾಗಿ ಉತ್ತರಿಸಿ ಸಹಿ ಹಾಕಿದೆ. ಅಂಗಡಿಯವನು ಡ್ರೈವಿಂಗ್ ಲೈಸೆನ್ಸ್ ನೋಡಿದ. ನಂತರ ಎಲ್‌ಟಿಸಿಯನ್ನು ಬೆಳಕಿಗೆ ಹಿಡಿದು ಅದರ ಸಂಖ್ಯೆ, ಕೊಟ್ಟ ದಿನಾಂಕ, ಮುಗಿಯುವ ದಿನಾಂಕಗಳನ್ನು ತನ್ನ ಭಾಗದಲ್ಲಿ ಬರೆದುಕೊಂಡು, ಪರವಾನಗಿಯ ಕಾರಣ ನಿಕ್ಸ್ ಬೇಕಿಲ್ಲ ಎಂಬ ಚೌಕಕ್ಕೆ ಗುರುತು ಹಾಕಿದ. ಹಣ ಕೊಟ್ಟು ಪಿಸ್ತೂಲು ತೆಗೆದುಕೊಂಡು ಬಂದೆ. ಕಾರ್ಡ್ ಇದ್ದರೂ ನಿಕ್ಸ್ ಮಾಡಿಯೇ ತೀರುತ್ತೇವೆ ಎನ್ನುವ ಅಂಗಡಿಗಳೂ ಇವೆ. ಅದು ಅವರ ಹಕ್ಕು.

ಪರಿಶೀಲನೆಯಿಂದ ತಪ್ಪಿಸಿಕೊಳ್ಳುವ ಅಡ್ಡದಾರಿ ಇದು ಎಂದು ನಮ್ಮ ಕನ್ನಡ ಗೆಳೆಯರಲ್ಲೇ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪರಿಶೀಲನೆ ನಡೆದಿರುತ್ತದೆ, ಮೊದಲೇ ನಡೆದಿರುತ್ತದೆ. ಆದರೆ ಅವರ ಆತಂಕದಲ್ಲಿ ಹುರುಳಿದೆ: ಕಾರ್ಡ್ ಕೊಟ್ಟ ದಿನಕ್ಕೂ ಕೊಳ್ಳುವ ದಿನಕ್ಕೂ ನಡುವೆ ಮನುಷ್ಯನ ಬದುಕಿನಲ್ಲಿ ಏನೂ ಆಗಬಹುದು. ಕ್ರಿಮಿನಲ್ ಆರೋಪ ಬಂದರೆ ರಾಜ್ಯ ಕಾರ್ಡನ್ನು ಅಮಾನತು ಮಾಡುತ್ತದೆ. ಆ ಕೆಲಸ ಚುರುಕಾಗಿ ನಡೆದರೆ ಮಾತ್ರ ಈ ವಿನಾಯಿತಿಗೆ ಅರ್ಥ. ರಾಜ್ಯ ಸಡಿಲ ಬಿಟ್ಟರೆ ಸೌಲಭ್ಯವೂ ಹೋಗುತ್ತದೆ. 2019ರಲ್ಲಿ ಅಲಬಾಮಾದ, 2020ರ ಮಾರ್ಚ್‌ನಲ್ಲಿ ಮಿಷಿಗನ್‌ನ ಪರವಾನಗಿಗಳನ್ನು ನಿಕ್ಸ್‌ಗೆ ಬದಲಾಗಿ ಒಪ್ಪಬೇಡಿ ಎಂದು ಬಂದೂಕು ವ್ಯಾಪಾರದ ಮೇಲೆ ನಿಗಾ ಇಡುವ ಫೆಡರಲ್ ಸಂಸ್ಥೆ ಎಟಿಎಫ್ ವ್ಯಾಪಾರಿಗಳಿಗೆ ಸೂಚಿಸಿತು. ಪೂರ್ತಿ ಪರಿಶೀಲನೆಯಿಲ್ಲದೆ ಅಲ್ಲಿ ಪರವಾನಗಿ ಕೊಟ್ಟದ್ದೇ ಕಾರಣ. ಎಟಿಎಫ್ ಸರಿಯಾದ ಕೆಲಸವನ್ನೇ ಮಾಡಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ನಿಮ್ಮ ರಾಜ್ಯದ ಪರವಾನಗಿ ನಡೆಯುತ್ತದೆಯೇ ಎಂಬುದನ್ನು ಎಟಿಎಫ್‌ನ ಪಟ್ಟಿಯಲ್ಲಿ ನೋಡಿಯೇ ಮುಂದುವರಿಯಿರಿ.

ಎಚ್-1ಬಿ ವೀಸಾದಲ್ಲಿರುವವರು ಕೇಳುತ್ತಾರೆ, ಅದಕ್ಕೆ ಹೇಳುತ್ತಿದ್ದೇನೆ: ವಲಸೆಯಲ್ಲದ ವೀಸಾದವರು ಬಂದೂಕು ಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ, ಬೇಟೆಯ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ವಕೀಲರನ್ನು ಕೇಳದೆ ಆ ಕಡೆ ಹೋಗಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆಯಿಲ್ಲ. ಮನೆ ಬದಲಿಸಿದರೆ ಟೆಕ್ಸಾಸ್‌ನಲ್ಲಿ 30 ದಿನದೊಳಗೆ ಇಲಾಖೆಗೆ ತಿಳಿಸಿ ಕಾರ್ಡಿನ ವಿಳಾಸ ಸರಿಪಡಿಸಿಕೊಳ್ಳಬೇಕು. ಮೊದಲ ಲೈಸೆನ್ಸ್ ನಾಲ್ಕು ವರ್ಷ ನಡೆಯುತ್ತದೆ, ನವೀಕರಿಸಿದ ಮೇಲೆ ಐದು. ಇಲ್ಲಿ ಖಾಸಗಿಯವರ ನಡುವಿನ ಮಾರಾಟಕ್ಕೆ ಹಿನ್ನೆಲೆ ಪರಿಶೀಲನೆ ಕಡ್ಡಾಯವಲ್ಲ. ಹಾಗಿದ್ದೂ ನನ್ನ ಹಳೆಯ ಪಿಸ್ತೂಲನ್ನು ಮಾರುವಾಗ, ಎಲ್‌ಟಿಸಿ ತೋರಿಸಿದವರಿಗೆ ಮಾತ್ರ ಕೊಡುತ್ತೇನೆ ಎಂದು ಮೊದಲೇ ಹೇಳಿದ್ದೆ, ಹಾಗೆಯೇ ಕೊಟ್ಟೆ.