ಕಿವಿ ಸೋರುವ ಮಗುವಿಗೆ ತಲೆನೋವು, ವಾಂತಿ ಶುರುವಾದರೆ

ನನ್ನ ಮಗನಿಗೆ ಆಗ 9 ವರ್ಷ. ಬಲಗಿವಿ ಬಹಳ ದಿನದಿಂದ ಸೋರುತ್ತಿತ್ತು. ಮಕ್ಕಳಿಗೆ ಇದು ಇದ್ದದ್ದೇ ಅಂತ ಬೆಳ್ಳುಳ್ಳಿ ಎಣ್ಣೆ ಬಿಟ್ಟು ಸುಮ್ಮನಿದ್ದೆವು. ಆಮೇಲೆ ತಲೆನೋವು ಬಂತು. ಬೆಳಗ್ಗೆ ಎದ್ದ ಕೂಡಲೇ ವಾಂತಿ. ಎಲ್ಲರೂ ಪಿತ್ತ ಅಂದರು. ಜ್ವರ ಎರಡೇ ದಿನಕ್ಕೆ ಬಿಟ್ಟಿದ್ದರಿಂದ ನಾನೂ ನಂಬಿದೆ.

ಒಂದು ದಿನ ಹಾಲಿನ ಲೋಟಕ್ಕೆ ಕೈ ಚಾಚಿದ. ಕೈ ಲೋಟದ ಪಕ್ಕಕ್ಕೆ ಹೋಯಿತು. ಮತ್ತೆ ಚಾಚಿದ, ಮತ್ತೆ ತಪ್ಪಿತು. ನಿಲ್ಲಿಸಿದರೆ ಬಲಕ್ಕೆ ವಾಲುತ್ತಿದ್ದ. ಸ್ಕ್ಯಾನ್‌ನಲ್ಲಿ ಕಿರುಮೆದುಳಿನೊಳಗೆ, ಅಂದರೆ ಮೈಯ ಸಮತೋಲ ನೋಡಿಕೊಳ್ಳುವ ಮೆದುಳಿನ ಹಿಂಭಾಗದಲ್ಲಿ, ಬಳೆಯಂಥ ಬಿಳಿ ಸುತ್ತು ಕಾಣಿಸಿತು. ಅದರೊಳಗೆ ಕೀವು. ಕಿವಿಯ ಸೋಂಕು ಹಿಂದಿನ ಮೂಳೆ ದಾಟಿ ಮೆದುಳಿಗೆ ಹೋಗಿತ್ತು.

ಅದಕ್ಕೇ ಹೇಳುತ್ತೇನೆ, ಜ್ವರ ಇಲ್ಲ ಅಂತ ಕಾಯಬೇಡಿ. ಕಿವಿ ಸೋರುವ ಮಗುವಿಗೆ ತಲೆನೋವು ಹೆಚ್ಚುತ್ತಾ ಹೋದರೆ, ವಾಂತಿಯಾದರೆ, ಮಂಪರು ಬಂದರೆ, ನಡಿಗೆ ತಪ್ಪಿದರೆ ಅವತ್ತೇ ಹೊರಡಿ. ಸ್ಕ್ಯಾನ್ ಮತ್ತು ಮೆದುಳಿನ ಸರ್ಜನ್ ಇರುವ ಆಸ್ಪತ್ರೆಗೇ ಹೋಗಿ. ಕಿವಿ ಸೋರುವ ವಿಷಯ ನೀವೇ ಮೊದಲು ಹೇಳಿ. ತಲೆನೋವಿಗೆ ಬಂದವರನ್ನು ಎಲ್ಲರೂ ಕಿವಿ ಬಗ್ಗೆ ಕೇಳುವುದಿಲ್ಲ. ಸೈನಸ್, ಹಲ್ಲಿನ ಕೀವು, ತಲೆಗೆ ಬಿದ್ದ ಪೆಟ್ಟು ಇದ್ದರೆ ಅದನ್ನೂ ಹೇಳಿ. ಹುಟ್ಟಿನಿಂದ ಹೃದಯದ ತೊಂದರೆ ಇದ್ದು ತುಟಿ ನೀಲಿಯಾಗುವ ಮಕ್ಕಳಲ್ಲಂತೂ ಇನ್ನೂ ಹುಷಾರಾಗಿರಬೇಕು. ಅವರ ರಕ್ತ ಸ್ವಲ್ಪ ಭಾಗ ಶ್ವಾಸಕೋಶದಲ್ಲಿ ಸೋಸದೇ ನೇರ ಮೆದುಳಿಗೆ ಹೋಗುತ್ತದೆ.

ದಾರಿಯಲ್ಲಿ ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ. ಬಾಯಿಗೆ ನೀರು, ಚಮಚ ಏನೂ ಬೇಡ. ಕೈಗೆ ಕಬ್ಬಿಣದ ಕೀ ಕೊಟ್ಟರೆ ಫಿಟ್ಸ್ ನಿಲ್ಲುವುದಿಲ್ಲ. 108ಕ್ಕೆ ಫೋನ್ ಮಾಡಿ.

ನಮ್ಮವನಿಗೆ ತಲೆಬುರುಡೆಯಲ್ಲಿ ಸಣ್ಣ ತೂತು ಮಾಡಿ ಕೀವು ಎಳೆದರು. ಅದನ್ನು ಲ್ಯಾಬಿಗೂ ಕಳಿಸಿದರು. ಯಾವ ಔಷಧಿ ನಾಟುತ್ತದೆ ಅಂತ ಅದರಿಂದಲೇ ಗೊತ್ತಾಗುವುದು. ಆಮೇಲೆ 6 ವಾರ ಸೆಫ್ಟ್ರಿಯಾಕ್ಸೋನ್, ಮೆಟ್ರೊನಿಡಜೋಲ್ ಅನ್ನುವ ಆಂಟಿಬಯಾಟಿಕ್‌ಗಳನ್ನು ನರಕ್ಕೆ ಕೊಟ್ಟರು.

ಕಷ್ಟ ಇರುವುದು ಈ 6 ವಾರದಲ್ಲೇ. ಮೂರನೇ ವಾರಕ್ಕೆ ಮಗು ನಗುತ್ತದೆ, ಇಡ್ಲಿ ಕೇಳುತ್ತದೆ. ಮನೆಯಲ್ಲಿ ಕೆಲಸ, ಕೈಯಲ್ಲಿ ದುಡ್ಡಿಲ್ಲ, ಡಿಸ್ಚಾರ್ಜ್ ಮಾಡಿಸಿಕೊಳ್ಳೋಣ ಅನಿಸುತ್ತದೆ. ದಯವಿಟ್ಟು ಬೇಡ. ನಗುತ್ತಿದ್ದರೂ ಒಳಗೆ ಕೀವು ಉಳಿದಿರಬಹುದು. ಮತ್ತೆ ಸ್ಕ್ಯಾನ್ ಮಾಡಿ ಡಾಕ್ಟರ್ ಸಾಕು ಅನ್ನಬೇಕು. ಫಿಟ್ಸ್ ಮಾತ್ರೆ ಕೊಟ್ಟಿದ್ದರೆ ಅದನ್ನೂ ನೀವಾಗಿ ನಿಲ್ಲಿಸಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಇಂಜೆಕ್ಷನ್ ಕೊಟ್ಟ ಹೊತ್ತು, ಜ್ವರ, ವಾಂತಿ ಎಲ್ಲ ಬರೆಯಿರಿ. ಡ್ಯೂಟಿ ಡಾಕ್ಟರ್ ಬದಲಾದಾಗ ನನಗೆ ಅದೇ ಆಸರೆಯಾಯಿತು. ಸೂಜಿ ಚುಚ್ಚಿದ ಜಾಗ ಕೆಂಪಾದರೆ, ಊದಿದರೆ ತಕ್ಷಣ ನರ್ಸ್‌ಗೆ ತೋರಿಸಿ.

ಮೆದುಳು ವಾಸಿಯಾಯಿತು ಅಂತ ಕಿವಿಯನ್ನು ಮರೆಯಬೇಡಿ. ನಮ್ಮವನಿಗೆ ಆಮೇಲೆ ಕಿವಿಯ ಆಪರೇಷನ್ನೂ ಆಯಿತು. ಈಗಲೂ ಸ್ನಾನಕ್ಕೆ ಮುಂಚೆ ವ್ಯಾಸಲೀನ್ ಸವರಿದ ಹತ್ತಿ ಬಲಗಿವಿಗೆ ಇಟ್ಟೇ ತಲೆಗೆ ನೀರು ಹಾಕುತ್ತೇನೆ.