ಬೈಕಿನ ಚೈನಿನಲ್ಲಿ ಡೋಜರ್ ಟ್ರ್ಯಾಕ್: ನನ್ನ ಅನುಭವ

ಕಳೆದ ದೀಪಾವಳಿಯ ಮರುದಿನ, ಹೊಸಪೇಟೆಯ ನನ್ನ ಶೆಡ್ಡಿನ ಹಿಂದೆ ಸುರಿಸಿದ್ದ ಕೆಂಪು ಮಣ್ಣಿನ ಗುಡ್ಡೆಯಲ್ಲಿ ನಾನೇ ಕಟ್ಟಿದ ಮಾದರಿ ಡೋಜರ್ (ಮಣ್ಣು ತಳ್ಳುವ ಯಂತ್ರದ, ರಿಮೋಟಿನಲ್ಲಿ ಓಡುವ ಪುಟ್ಟ ಪ್ರತಿರೂಪ) ಎರಡು ಗಂಟೆಗೂ ಹೆಚ್ಚು ಕಾಲ ಕೆಲಸ ಮಾಡಿತು. ನಡುವೆ ಒಮ್ಮೆ ಬ್ಯಾಟರಿ ಬದಲಿಸಿದ್ದನ್ನು ಬಿಟ್ಟರೆ ಅದನ್ನು ಕೈಯಿಂದ ಮುಟ್ಟುವ ಪ್ರಸಂಗ ಬರಲಿಲ್ಲ, ಚಕ್ರಗಳನ್ನು ಸುತ್ತಿ ಓಡುವ ಟ್ರ್ಯಾಕ್ ಒಮ್ಮೆಯೂ ಕಳಚಲಿಲ್ಲ. ಬೈಕಿನ ಚೈನಿಗೆ ಶೂಗಳನ್ನು, ಅಂದರೆ ನೆಲ ಮೆಟ್ಟುವ ಅಡ್ಡಪಟ್ಟಿಗಳನ್ನು, ಬೆಸೆದು ಮಾಡಿದ ಟ್ರ್ಯಾಕ್ ಮಣ್ಣಿನಲ್ಲಿ ಹತ್ತು ನಿಮಿಷವೂ ನಿಲ್ಲುವುದಿಲ್ಲ, ಸುಮ್ಮನೆ ಸಿದ್ಧ ಲೋಹದ ಟ್ರ್ಯಾಕ್ ತರಿಸಿಕೊಳ್ಳಿ ಎಂದು ಮೂರು ನಾಲ್ಕು ಮಂದಿ ಗೆಳೆಯರು ಹೇಳಿದ್ದರು. ಅವರ ಮಾತಿಗೆ ಆಧಾರವಿರಲಿಲ್ಲ ಎನ್ನಲಾರೆ, ಏಕೆಂದರೆ ನನ್ನ ಮೊದಲ ಮೂರು ಟ್ರ್ಯಾಕುಗಳು ಅವರು ಹೇಳಿದಂತೆಯೇ ಸೋತವು. ನಾಲ್ಕನೆಯದು ನಿಂತಿದೆ. ಈ ದಾರಿಯಲ್ಲಿ ಹೊರಡಲು ಯೋಚಿಸುತ್ತಿರುವವರಿಗೆ ಉಪಯೋಗವಾಗಲೆಂದು, ಎಲ್ಲಿ ದುಡ್ಡು ಹೋಯಿತು, ಎಲ್ಲಿ ಕೆಲಸ ಕೈಗೂಡಿತು ಎಂಬುದನ್ನು ನೆನಪಿರುವಷ್ಟು ಬರೆಯುತ್ತಿದ್ದೇನೆ.

2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡುವವರೆಗೂ ನಾನು ಸಂಡೂರಿನ ಕಡೆ ಡೋಜರ್‌ಗಳ ಅಂಡರ್‌ಕ್ಯಾರೇಜ್ (ಟ್ರ್ಯಾಕ್, ರೋಲರ್ ಮುಂತಾದ ಕೆಳಭಾಗ) ಕೆಲಸ ಮಾಡುತ್ತಿದ್ದೆ. ಕೆ.ಜಿ.ಎಫ್.ನಲ್ಲಿ ತಯಾರಾಗುವ ಬಿ.ಇ.ಎಂ.ಎಲ್. ಕಂಪನಿಯ ಬಿ.ಡಿ. 355 ಡೋಜರ್ ನನಗೆ ಕೈಗೆ ಒಗ್ಗಿದ ಯಂತ್ರವಾದ್ದರಿಂದ ಮಾದರಿಗೂ ಅದನ್ನೇ ಆರಿಸಿಕೊಂಡೆ. ಟೇಪು ಹಿಡಿದು ಬರೆದಿಟ್ಟುಕೊಂಡಿದ್ದ ಹಳೆಯ ಅಳತೆಗಳನ್ನು ಹತ್ತರಿಂದ ಭಾಗಿಸಿದೆ. ಆದರೆ ಎರಡು ಟ್ರ್ಯಾಕುಗಳ ನಡುವಿನ ಅಂತರವನ್ನು ಮಾತ್ರ ನೋಟಕ್ಕೆ ಚೆಂದ ಕಾಣಲೆಂದು ಕಡಿಮೆ ಮಾಡಿಕೊಂಡೆ. ಅದರ ದಂಡವನ್ನು ಮುಂದೆ ತೆತ್ತೆ.

ಮೊದಲ ಟ್ರ್ಯಾಕ್ ಸೈಕಲ್ ಚೈನಿನದು. ಅದರ ಪಟ್ಟಿಗಳು ತೀರ ತೆಳು, ವೆಲ್ಡಿಂಗ್ ಕಡ್ಡಿ ಮುಟ್ಟಿಸಿದರೆ ತೂತು ಬೀಳುತ್ತದೆ. ಒಂದು ಸಂಜೆಯಲ್ಲೇ ಅದನ್ನು ಕೈಬಿಟ್ಟೆ. ಆಮೇಲೆ ಬೈಕಿನ 428 ಅಳತೆಯ ಚೈನಿಗೆ ಬಂದೆ. ಅದರ ಪಿಚ್ (ಒಂದು ಪಿನ್ನಿನಿಂದ ಮುಂದಿನ ಪಿನ್ನಿಗಿರುವ ದೂರ) ಕೂಡ ಸೈಕಲ್ ಚೈನಿನಂತೆ ಅರ್ಧ ಇಂಚೇ, ಅಂದರೆ 12.7 ಮಿ.ಮೀ., ಆದರೆ ಪಟ್ಟಿ ದಪ್ಪ, ರೋಲರ್ ಅಗಲ. ಮೆಕ್ಯಾನಿಕ್‌ಗಳು ಬಿಚ್ಚಿ ಎಸೆದ ಹಳೆಯ ಚೈನುಗಳನ್ನು ಗುಜರಿ ದರದಲ್ಲಿ ತಂದು ಎರಡನೆಯ ಟ್ರ್ಯಾಕ್ ಕಟ್ಟಿದೆ. ಇನ್ನೂರು ರೂಪಾಯಿಯಲ್ಲಿ ಕೆಲಸ ಮುಗಿಯಿತೆಂದು ಸಂತೋಷಪಟ್ಟಿದ್ದೆ, ಆದರೆ ಸವೆದ ಚೈನಿನ ಪಿಚ್ ಹಿಗ್ಗಿರುತ್ತದೆ, ಅದೂ ಒಂದೊಂದು ಚೈನು ಒಂದೊಂದು ರೀತಿಯಲ್ಲಿ. ಭಾರ ಬಿದ್ದ ಕೂಡಲೇ ರೋಲರ್‌ಗಳು ಟ್ರ್ಯಾಕನ್ನು ಎಳೆಯುವ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಹಲ್ಲಿನ ಮೇಲೆ ಹತ್ತತೊಡಗಿದವು. ಮೂರನೆಯದಕ್ಕೆ ಹೊಸ ಚೈನುಗಳನ್ನೇ ಕೊಂಡೆ, ಒಂದಕ್ಕೆ ಐನೂರು ರೂಪಾಯಿಯ ಆಸುಪಾಸು. ಓ-ರಿಂಗ್ (ರಬ್ಬರ್ ಬಳೆ) ಇರುವ ಚೈನು ಬೇಡ, ಬೆಸೆಯುವಾಗ ರಿಂಗ್ ಸುಟ್ಟುಹೋಗುತ್ತದೆ. ಶೂಗೆ 20×20×3ರ ಕಬ್ಬಿಣದ ಆಂಗಲನ್ನು 70 ಮಿ.ಮೀ. ಉದ್ದಕ್ಕೆ ಕತ್ತರಿಸಿದೆ. ಆಂಗಲಿನ ಒಂದು ಮಗ್ಗುಲು ಶೂ ಆಗುತ್ತದೆ, ಎದ್ದು ನಿಂತ ಇನ್ನೊಂದು ಮಗ್ಗುಲು ಮಣ್ಣು ಕಚ್ಚುವ ಗ್ರೌಸರ್ ಆಗುತ್ತದೆ. ಒಂದು ಬದಿಗೆ 76 ಕೊಂಡಿ, ಹೊರಕೊಂಡಿಗೆ ಮಾತ್ರ ಶೂ, ಅಂದರೆ 38 ಶೂ. ಚೈನು ಸೇರಿ ಒಂದು ಟ್ರ್ಯಾಕಿನ ತೂಕ ಮೂರು ಕೆ.ಜಿ.ಯ ಹತ್ತಿರ ಬಂತು.

ಆ ಮೂರನೆಯ ಟ್ರ್ಯಾಕ್ ಬೆಸುಗೆಯ ಬಿಸಿಗೆ ಕೆಟ್ಟಿತು. ಕೊಂಡಿಯ ಎರಡು ಪಟ್ಟಿಗಳು ಬಿಸಿಗೆ ಒಳಕ್ಕೆ ಎಳೆದುಕೊಂಡು ರೋಲರನ್ನು ಹಿಸುಕುತ್ತವೆ, ಒಳಗಿನ ಗ್ರೀಸು ಉರಿದುಹೋಗುತ್ತದೆ, ಕಬ್ಬಿನ ಗಣ್ಣಿನಂತೆ ಪ್ರತಿ ಕೊಂಡಿಯೂ ಬಿಗಿಯುತ್ತದೆ. ಕೈಯಲ್ಲಿ ಹಿಡಿದು ಮಡಿಸಿದರೆ ಚೈನು ಮಡಿಸಿದಂತೆಯೇ ನಿಲ್ಲುತ್ತಿತ್ತು. ಮೋಟರ್‌ಗಳ ಅರ್ಧ ಶಕ್ತಿ ಟ್ರ್ಯಾಕನ್ನು ತಿರುಗಿಸುವುದಕ್ಕೇ ಹೋಗುತ್ತಿತ್ತು. ನಾಲ್ಕನೆಯದರಲ್ಲಿ 2.5 ಮಿ.ಮೀ. ಕಡ್ಡಿ ಹಿಡಿದು, ಮೆಷಿನನ್ನು ಅರವತ್ತು ಎಪ್ಪತ್ತು ಆಂಪಿಯರಿಗೆ ಇಳಿಸಿ, ಒಂದು ಶೂಗೆ ನಾಲ್ಕೇ ಚುಕ್ಕೆ ಇಟ್ಟೆ. ಪಕ್ಕದ ಶೂಗೆ ಹೋಗದೆ ಐದು ಬಿಟ್ಟು ಆರನೆಯದಕ್ಕೆ ಹೋಗಿ, ಬಿಸಿ ಆರಿದ ಮೇಲೆ ಮತ್ತೆ ಹಿಂದಿರುಗುತ್ತಿದ್ದೆ. ಬೆಸೆಯುವಾಗ ಎರಡು ಪಟ್ಟಿಗಳ ನಡುವೆ ಒಂದು ವಸ್ತುವನ್ನು ಸಿಕ್ಕಿಸುತ್ತೇನೆ. ಅದು ಏನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಅದನ್ನು ಕಂಡುಕೊಳ್ಳಲು ನನಗೆ ಎರಡು ಚೈನು ಮತ್ತು ಒಂದು ಮಳೆಗಾಲ ಬೇಕಾಯಿತು. ಕೊನೆಗೆ ಇಡೀ ಟ್ರ್ಯಾಕನ್ನು ಒಂದು ರಾತ್ರಿ ಡೀಸೆಲ್‌ನಲ್ಲಿ ಮುಳುಗಿಸಿ, ಮರುದಿನ ಗೇರ್ ಆಯಿಲ್ ಕುಡಿಸಿದೆ. ಆಮೇಲೆ ಅದು ಹಗ್ಗದಂತೆ ಜೋತುಬಿತ್ತು.

ಸ್ಪ್ರಾಕೆಟ್ಟು 100 ಸಿ.ಸಿ. ಬೈಕಿನ ಮುಂದಿನ 14 ಹಲ್ಲಿನದು. ಹಲ್ಲಿನ ತುದಿ ಶೂನ ಒಳಮೈಗೆ ತಾಗದಂತೆ ಒಂದು ಮಿ.ಮೀ.ನಷ್ಟು ಅರೆದುಕೊಳ್ಳಬೇಕು. ಒಂದು ಸುತ್ತಿಗೆ 178 ಮಿ.ಮೀ. ಚೈನು ಸಾಗುತ್ತದೆ, ನಿಮಿಷಕ್ಕೆ ನಲವತ್ತು ಸುತ್ತಾದರೆ ಸೆಕೆಂಡಿಗೆ ಹನ್ನೆರಡು ಸೆಂ.ಮೀ. ಆಯಿತು. ನಿಜವಾದ ಡೋಜರ್ ಮೊದಲ ಗೇರಿನಲ್ಲಿ ಮಣ್ಣು ತಳ್ಳುವ ವೇಗವನ್ನು ಹತ್ತರಿಂದ ಭಾಗಿಸಿದರೆ ಇದೇ ಆಜುಬಾಜಿನಲ್ಲಿ ಬರುತ್ತದೆ. ನಮ್ಮಲ್ಲಿ ಬಹಳ ಜನ ಕಟ್ಟುವ ಡೋಜರ್‌ಗಳು ಕಾರಿನಂತೆ ಓಡುತ್ತವೆ, ಮಣ್ಣು ಕಂಡಾಗ ನಿಲ್ಲುತ್ತವೆ. ವೇಗವನ್ನು ಬಿಟ್ಟುಕೊಟ್ಟರೆ ಮಾತ್ರ ಎಳೆತ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದೆ, ಮೋಟರ್ ಕೊಳ್ಳುವಾಗ ಮರೆತುಹೋಗುತ್ತದೆ.

ಮೋಟರ್ ವಿಷಯದಲ್ಲಿ ನಾನೂ ಮೊದಲು ಎಡವಿದೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಜಾನ್ಸನ್ ಗೇರ್ ಮೋಟರ್‌ಗಳು, ಒಂದಕ್ಕೆ ಆರುನೂರು ರೂಪಾಯಿಯವು, ಸಮತಟ್ಟಿನಲ್ಲಿ ಸೊಗಸಾಗಿ ಓಡಿದವು. ಬ್ಲೇಡು ಒಂದು ಬೆಣಚುಕಲ್ಲಿಗೆ ಬಡಿದ ದಿನ ಎಡಬದಿಯ ಗೇರಿನ ಹಲ್ಲು ಕಿತ್ತುಬಂತು, ವಾರದೊಳಗೆ ಬಲಬದಿಯದೂ ಹೋಯಿತು. ಆಮೇಲೆ ಗುಜರಿಯಲ್ಲಿ ಕಾರಿನ ವೈಪರ್ ಮೋಟರ್ ಎರಡನ್ನು ಎಂಟುನೂರು ರೂಪಾಯಿಗೆ ತಂದೆ. ವರ್ಮ್ ಗೇರ್ (ಸ್ಕ್ರೂ ಆಕಾರದ ಗೇರ್) ಇರುವುದರಿಂದ ಇಳಿಜಾರಿನಲ್ಲಿ ತಾನಾಗಿ ಉರುಳುವುದಿಲ್ಲ, ಪೆಟ್ಟನ್ನೂ ತಡೆಯುತ್ತದೆ. ಆದರೆ ಇಲ್ಲೊಂದು ಗುಂಡಿಯಿದೆ, ಅದರಲ್ಲಿ ಮೋಟರಿಗೆ ವಿದ್ಯುತ್ ಹರಿಸಿ ದಿಕ್ಕು ಬದಲಿಸುವ ನನ್ನ ಎರಡು ಬಿ.ಟಿ.ಎಸ್. 7960 ಡ್ರೈವರ್‌ಗಳು, ಅಂದರೆ ಸುಮಾರು ಸಾವಿರ ರೂಪಾಯಿ, ಸುಟ್ಟುಹೋದವು. ವಾಹನದಲ್ಲಿ ಬಾಡಿಯೇ ನೆಗೆಟಿವ್ ಆಗಿರುವುದರಿಂದ ಇಂಥ ಎಷ್ಟೋ ಮೋಟರ್‌ಗಳಲ್ಲಿ ಒಂದು ಬ್ರಷ್ಷನ್ನು (ಒಳಗೆ ವಿದ್ಯುತ್ ಮುಟ್ಟಿಸುವ ತುಂಡು) ಮೋಟರಿನ ಕವಚಕ್ಕೇ ಜೋಡಿಸಿರುತ್ತಾರೆ. ಎರಡು ಮೋಟರ್‌ಗಳನ್ನೂ ಒಂದೇ ಉಕ್ಕಿನ ಚಾಸಿಗೆ ಬೋಲ್ಟ್ ಮಾಡಿದಾಗ ಎರಡು ಡ್ರೈವರ್‌ಗಳ ಒಂದೊಂದು ತುದಿ ಚಾಸಿಯ ಮೂಲಕ ಕೂಡಿಕೊಂಡುಬಿಟ್ಟಿತು. ಎರಡೂ ಒಂದೇ ದಿಕ್ಕಿಗೆ ಓಡುವಾಗ ತೊಂದರೆ ಕಾಣಲಿಲ್ಲ, ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಿರುಗಿಸಿದ ಕ್ಷಣವೇ ಹೊಗೆ ಬಂತು. ಮೋಟರ್ ಬಿಚ್ಚಿ ಆ ಬ್ರಷ್ಷಿನ ತಂತಿಯನ್ನು ಕವಚದಿಂದ ಬಿಡಿಸಿ ಬೇರೆ ವೈರಾಗಿ ಹೊರಗೆ ತಂದ ಮೇಲೆ ಇಂದಿಗೂ ಹೊಸದಾಗಿ ಹಾಕಿದ ಡ್ರೈವರ್‌ಗಳು ಬೆಚ್ಚಗಾಗುವುದಕ್ಕಿಂತ ಹೆಚ್ಚಿನ ತೊಂದರೆ ಕೊಟ್ಟಿಲ್ಲ. ಕೊಳ್ಳುವಾಗಲೇ ಮೀಟರಿನಲ್ಲಿ ತಂತಿಗೂ ಕವಚಕ್ಕೂ ನಡುವೆ ಬೀಪ್ ಬರುತ್ತದೆಯೇ ನೋಡಿಕೊಳ್ಳಿ.

ರೇಡಿಯೊ ವಿಷಯವನ್ನು ಬೇಗ ಮುಗಿಸುತ್ತೇನೆ. ಎನ್‌.ಆರ್‌.ಎಫ್. 24 ಎಂಬ ರೇಡಿಯೊ ಮಾಡ್ಯೂಲಿನಿಂದ ನಾನೇ ಮಾಡಿಕೊಂಡ ರಿಮೋಟಿನಲ್ಲಿ ಮೋಟರ್ ಚಾಲೂ ಆದಾಗಲೆಲ್ಲ ಸಂಪರ್ಕ ಕಡಿಯುತ್ತಿತ್ತು. ಮಾಡ್ಯೂಲಿನ ಕಾಲಿಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸ್ವಲ್ಪ ಸುಧಾರಿಸಿತು, ಪೂರ್ತಿ ಹೋಗಲಿಲ್ಲ. ನನ್ನ ಪ್ರೋಗ್ರಾಮಿನಲ್ಲಿ ಸಂಪರ್ಕ ತಪ್ಪಿದರೆ ನಿಲ್ಲಬೇಕೆಂಬ ಆದೇಶವೇ ಇರಲಿಲ್ಲವಾದ್ದರಿಂದ ಯಂತ್ರ ಕೊನೆಯ ಆದೇಶವನ್ನೇ ಹಿಡಿದು ನೇರವಾಗಿ ಹೋಗಿ ನೀರಿನ ತೊಟ್ಟಿಗೆ ಗುದ್ದಿತು. ಮಕ್ಕಳು ಆ ಕಡೆ ಇರಲಿಲ್ಲವೆಂಬುದೇ ನನ್ನ ಪುಣ್ಯ. ಇಪ್ಪತ್ತು ಕೆ.ಜಿ. ದಾಟಿದ ಯಂತ್ರ ಆಟಿಕೆಯಲ್ಲ, ಅದನ್ನು ಎಲ್ಲರೂ ಗಂಭೀರವಾಗಿ ತೆಗೆದುಕೊಳ್ಳಬೇಕು. ನಾಲ್ಕೂವರೆ ಸಾವಿರ ಕೊಟ್ಟು ಫ್ಲೈಸ್ಕೈ ಐ6 ಎಂಬ ಸಿದ್ಧ ರಿಮೋಟ್ ತಂದೆ, ಅದರಲ್ಲಿ ಫೇಲ್‌ಸೇಫ್ (ಸಂಪರ್ಕ ತಪ್ಪಿದರೆ ತಾನಾಗಿ ನಿಲ್ಲುವ ವ್ಯವಸ್ಥೆ) ಹೊಂದಿಸಿದೆ. ಜೊತೆಗೆ ಯಂತ್ರದೊಳಗಿನ ಆರ್ಡುಯಿನೊ ನ್ಯಾನೋ ಎಂಬ ಚಿಕ್ಕ ನಿಯಂತ್ರಕ ಬೋರ್ಡಿನಲ್ಲೂ 300 ಮಿಲಿಸೆಕೆಂಡ್ ಸಂಕೇತ ಬಾರದಿದ್ದರೆ ಮೋಟರ್ ನಿಲ್ಲುವಂತೆ, ಚಾಲೂ ಮಾಡಿದಾಗ ರಿಮೋಟಿನ ಕೋಲು ನಡುವಿಗೆ ಬರುವವರೆಗೆ ಕದಲದಂತೆ ಬರೆದೆ. ನ್ಯಾನೋ ಮತ್ತು ರಿಸೀವರಿಗೆ ಬೇರೆಯೇ ಚಿಕ್ಕ ಬ್ಯಾಟರಿ ಕೊಟ್ಟು, ಮೋಟರಿನ ತುದಿಗಳಿಗೆ 104 ಎಂದು ಬರೆದಿರುವ ಕೆಪಾಸಿಟರ್ ಬೆಸೆದ ಮೇಲೆ ರೀಸೆಟ್ ಆಗುವ ರೋಗ ಬಿಟ್ಟಿತು.

ತಿರುಗುವುದೇ ನನ್ನನ್ನು ಹೆಚ್ಚು ದಿನ ಕಾಡಿದ ಸಮಸ್ಯೆ. ನೆಲಕ್ಕೆ ತಾಗುವ ಟ್ರ್ಯಾಕಿನ ಉದ್ದ 33 ಸೆಂ.ಮೀ., ಎರಡು ಟ್ರ್ಯಾಕುಗಳ ನಡುವಿನ ಅಂತರವನ್ನು ಮೊದಲು 19 ಇಟ್ಟಿದ್ದೆ. ಸಿಮೆಂಟ್ ನೆಲದ ಮೇಲೆ ತಿರುಗುತ್ತಿತ್ತು, ಮಣ್ಣಿಗೆ ಇಳಿಸಿದರೆ ಒದ್ದಾಡಿ ಒಂದು ಕಡೆಯ ಚೈನನ್ನು ಕಳಚಿಕೊಂಡು ನಿಲ್ಲುತ್ತಿತ್ತು. ಮೋಟರ್ ಸಾಲದೆಂದು ನಾನು, ಚೈನೇ ತಪ್ಪೆಂದು ಗೆಳೆಯರು. ಚಾಸಿಯ ಅಡ್ಡಪಟ್ಟಿಗಳನ್ನು ಕತ್ತರಿಸಿ ಅಂತರವನ್ನು 25 ಸೆಂ.ಮೀ.ಗೆ ಹಿಗ್ಗಿಸಿದ ದಿನ ಅದೇ ಮೋಟರ್, ಅದೇ ಚೈನು ನಿಂತಲ್ಲೇ ಸುತ್ತು ಹೊಡೆದವು. ಅದರೊಂದಿಗೆ ಕೆಳಗಿನ ರೋಲರ್‌ಗಳಿಗೆ ಎರಡೂ ಬದಿ ವಾಷರ್ ಇಟ್ಟು ಅಂಚು ಕಟ್ಟಿದೆ, ಚೈನು ಆ ಕಾಲುವೆಯಲ್ಲೇ ಹರಿಯುತ್ತದೆ. ರೋಲರ್‌ಗೆ 608 ಬೇರಿಂಗ್ ಸಾಕು, ಆದರೆ ರಬ್ಬರ್ ಸೀಲ್ ಇರುವುದನ್ನೇ ತನ್ನಿ. ತಗಡಿನ ಮುಚ್ಚಳದ ಬೇರಿಂಗಿಗೆ ನಮ್ಮ ಕಡೆಯ ಅದಿರಿನ ನುಣುಪು ಧೂಳು ಎರಡೇ ದಿನದಲ್ಲಿ ಒಳಹೊಕ್ಕಿತು.

ಬ್ಲೇಡು ಎತ್ತಲು ಮೂರು ಡಿ ಪ್ರಿಂಟರ್‌ಗಳಲ್ಲಿ ಬಳಸುವ ಟಿ8 ಸ್ಕ್ರೂ ಹಾಕಿದ್ದೆ. ಅಗ್ಗದಲ್ಲಿ ಎಲ್ಲೆಡೆ ಸಿಗುವುದು ಒಂದು ಸುತ್ತಿಗೆ 8 ಮಿ.ಮೀ. ಸಾಗುವ ಸ್ಕ್ರೂ, ಕರೆಂಟು ತೆಗೆದರೆ ಬ್ಲೇಡಿನ ಭಾರಕ್ಕೇ ಅದು ತಿರುಗಿ ಕೆಳಗಿಳಿಯುತ್ತದೆ. ಒಂದು ಸುತ್ತಿಗೆ 2 ಮಿ.ಮೀ. ಸಾಗುವುದನ್ನು ಹುಡುಕಿ ಹಾಕಿದೆ, ಬ್ಲೇಡು ಇಟ್ಟಲ್ಲಿ ನಿಂತಿತು. 300 ಆರ್‌.ಪಿ.ಎಂ. ಮೋಟರಿನಲ್ಲಿ ಸೆಕೆಂಡಿಗೆ ಹತ್ತು ಮಿ.ಮೀ. ಏರುತ್ತದೆ. ಎರಡೂ ತುದಿಗೆ ಮೈಕ್ರೋಸ್ವಿಚ್ಚು ಮತ್ತು ಡಯೋಡು ಇದ್ದರೆ ಮರೆವಿನಿಂದ ಸ್ಕ್ರೂ ಬಾಗುವ ಭಯವಿಲ್ಲ. ಬ್ಲೇಡಿನ ಅಂಚಿಗೆ 14 ಇಂಚಿನ ಪವರ್ ಹ್ಯಾಕ್ಸಾ ಬ್ಲೇಡನ್ನು ಹಾಕಿ ನೋಡಿದೆ, ಬಹಳ ಹರಿತವಾಗಿತ್ತು, ಎರಡನೆಯ ಕಲ್ಲಿಗೆ ಮುರಿಯಿತು. ಈಗ 25×5ರ ಸಾದಾ ಪಟ್ಟಿಯನ್ನು ಗ್ರೈಂಡರಿನಲ್ಲಿ ಇಳಿಸಿ ನಾಲ್ಕು ಬೋಲ್ಟಿನಲ್ಲಿ ಕಟ್ಟಿದ್ದೇನೆ.

ಇಷ್ಟಾದರೂ ನೆಲ ಸಮವಾಗುತ್ತಿರಲಿಲ್ಲ. ಯಂತ್ರ ಹೋದ ದಾರಿಯೆಲ್ಲ ನಾಡಹೆಂಚು ಹೊದಿಸಿದ ಮಾಡಿನಂತೆ ಏರಿಳಿತ ಬೀಳುತ್ತಿತ್ತು. ಗಣಿಯಲ್ಲಿ ನನ್ನ ಜೊತೆಗಿದ್ದ ಹಿರಿಯ ಆಪರೇಟರ್ ಒಬ್ಬರು ಒಂದು ಭಾನುವಾರ ಶೆಡ್ಡಿಗೆ ಬಂದು, ಚಹಾ ಕುಡಿಯುವಷ್ಟು ಹೊತ್ತು ನೋಡಿ, “ತಮ್ಮಾ, ಮಷಿನ್ ಮೂಗು ಭಾರ ಐತಿ. ಬ್ಲೇಡು ಟ್ರ್ಯಾಕಿಗೆ ಹತ್ರ ತಾ, ಹಿಂದೆ ತೂಕ ಹಾಕು” ಎಂದರು. ಬ್ಲೇಡು ದೂರವಿದ್ದಷ್ಟೂ ಯಂತ್ರ ಸ್ವಲ್ಪ ಬಾಗಿದರೂ ಅಂಚು ಬಹಳ ಇಳಿಯುತ್ತದೆ, ಇಳಿದಾಗ ಅಗೆಯುತ್ತದೆ, ಅಗೆದ ಗುಂಡಿಗೆ ಮತ್ತೆ ಟ್ರ್ಯಾಕ್ ಇಳಿದು ಅದೇ ಅಲೆ ಮುಂದುವರಿಯುತ್ತದೆ. ಇಪ್ಪತ್ತು ವರ್ಷ ಡೋಜರ್ ಬಿಚ್ಚಿ ಜೋಡಿಸಿದ ನನಗೆ ಇದು ಹೊಳೆದಿರಲಿಲ್ಲ, ನಡೆಸಿದವರಿಗೆ ಹೊಳೆಯಿತು. ತಳ್ಳುವ ತೋಳುಗಳನ್ನು ಆರು ಸೆಂ.ಮೀ. ಮೊಟಕುಗೊಳಿಸಿ, 12 ವೋಲ್ಟಿನ 7 ಎ.ಎಚ್. ಯು.ಪಿ.ಎಸ್. ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ, ಅದರ ಹಿಂದೆ ಸೀಸದ ಎರಡೂವರೆ ಕೆ.ಜಿ. ತುಂಡು ಕಟ್ಟಿದೆ. ಈಗ ಒಟ್ಟು ತೂಕ 24 ಕೆ.ಜಿ. ಹಿಂದೆ ತೂಕ ನೋಡುವ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆದು ನೋಡಿದರೆ ಗಟ್ಟಿ ಕೆಂಪು ನೆಲದಲ್ಲಿ ಟ್ರ್ಯಾಕ್ ಜಾರುವ ಮುನ್ನ 14–15 ಕೆ.ಜಿ. ತೋರಿಸುತ್ತದೆ. ಒಂದು ಲಕ್ಷಕ್ಕೂ ಮೇಲೆ ಕೊಟ್ಟು ತರಿಸಿದ ಹೈಡ್ರಾಲಿಕ್ ಮಾದರಿಯೊಂದರ ಪಕ್ಕದಲ್ಲೇ ಒಮ್ಮೆ ಇದನ್ನು ಓಡಿಸಿದೆ. ನೋಟದಲ್ಲಿ ಅದು ಮೇಲು, ಮಣ್ಣು ಸಾಗಿಸುವುದರಲ್ಲಿ ನನ್ನದು ಹಿಂದೆ ಬೀಳಲಿಲ್ಲ.

ನಡುವೆ ಮಾಡಿದ ಎರಡು ಪ್ರಯೋಗಗಳನ್ನೂ ಹೇಳುತ್ತೇನೆ. ಪಿ.ಎಲ್‌.ಎ. ಪ್ಲಾಸ್ಟಿಕ್ಕಿನಲ್ಲಿ ಶೂಗಳನ್ನು ಪ್ರಿಂಟ್ ಮಾಡಿಸಲು ಒಂದೂವರೆ ಸಾವಿರ ಹಾಕಿದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತಗಡಿನ ಶೀಟಿನ ಮೇಲೆ ಇಟ್ಟು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅವೆಲ್ಲ ಹಪ್ಪಳದಂತೆ ಸೊಟ್ಟಗಾಗಿದ್ದವು. ಇನ್ನೊಂದು, ಗದಗದ ಕಡೆಯ ನೆಂಟರ ಹೊಲದ ಎರೆ ಮಣ್ಣಿನಲ್ಲಿ ಓಡಿಸಿದ್ದು. ಮಳೆ ಬಂದು ಎರಡು ದಿನವಾಗಿದ್ದ ಆ ಮಣ್ಣು ಚೈನಿನೊಳಗೆ ಮೆತ್ತಿ, ಸ್ಪ್ರಾಕೆಟ್ಟಿನ ಹಲ್ಲು ಕೂರಲು ಜಾಗವಿಲ್ಲದಂತೆ ತುಂಬಿಕೊಂಡು, ಐದೇ ನಿಮಿಷದಲ್ಲಿ ಟ್ರ್ಯಾಕ್ ಬಿಗಿದು ನಿಂತಿತು. ಕೆಸರಿನಲ್ಲಿ ದುಡಿಯುವ ದೊಡ್ಡ ಡೋಜರ್‌ಗಳ ಶೂ ನಡುವೆ ತೂತಿರುತ್ತದೆ, ಹಲ್ಲು ಒತ್ತಿದಾಗ ಮಣ್ಣು ಅದರಿಂದ ಹೊರಬೀಳುತ್ತದೆ. ಊರಿಗೆ ಬಂದು ಎರಡೂ ಬದಿಯ 76 ಶೂಗಳಿಗೂ 8 ಮಿ.ಮೀ. ತೂತು ಕೊರೆದೆ, ಎರಡು ಸಂಜೆಯ ಕೆಲಸ. ಮತ್ತೆ ಹೋಗಿ ನೋಡಿದಾಗ ಅರ್ಧ ಗಂಟೆ ಓಡಿತು. ಪೂರ್ತಿ ಹಸಿ ಎರೆಯಲ್ಲಿ ಈಗಲೂ ನಿಲ್ಲುತ್ತದೆ, ಅದಕ್ಕೆ ಪರಿಹಾರ ಹುಡುಕುತ್ತಿದ್ದೇನೆ.

ಒಟ್ಟು ಖರ್ಚು ಹತ್ತೊಂಬತ್ತು, ಇಪ್ಪತ್ತು ಸಾವಿರ. ಅದರಲ್ಲಿ ಐದು ಸಾವಿರದ ಮೇಲೆ ಸುಟ್ಟ ಡ್ರೈವರ್, ಮುರಿದ ಗೇರು, ಕರಗಿದ ಪ್ಲಾಸ್ಟಿಕ್ಕು ಮತ್ತು ಕೆಟ್ಟ ಚೈನುಗಳಿಗೆ ಹೋಯಿತು. ಈಗ ಗೊತ್ತಿರುವುದೆಲ್ಲ ಮೊದಲೇ ಗೊತ್ತಿದ್ದರೆ ಹದಿಮೂರು ಹದಿನಾಲ್ಕು ಸಾವಿರದಲ್ಲಿ ಮುಗಿಸಬಹುದಿತ್ತು. ನಾಲ್ಕನೆಯ ಟ್ರ್ಯಾಕ್ ಇಲ್ಲಿಯವರೆಗೆ ಇಪ್ಪತ್ತು ಗಂಟೆಯಾದರೂ ಓಡಿದೆ. ಕಳೆದ ವಾರ ಐಡ್ಲರಿನ (ಟ್ರ್ಯಾಕನ್ನು ಬಿಗಿಯಾಗಿ ಹಿಡಿಯುವ ಚಕ್ರದ) ಬೋಲ್ಟು ಬಿಗಿಸುವಾಗ ಅಳೆದು ನೋಡಿದೆ, ಎಡಗಡೆಯ ಚೈನು ನಾಲ್ಕು ಮಿ.ಮೀ., ಬಲಗಡೆಯದು ಮೂರು ಮಿ.ಮೀ. ಹಿಗ್ಗಿದೆ, ಬೋಲ್ಟಿನಲ್ಲಿ ಇನ್ನೂ ಹನ್ನೊಂದು ಮಿ.ಮೀ. ಜಾಗ ಉಳಿದಿದೆ.