ಬಿಟ್ಟ ಊಟ ಯಾರ ತಟ್ಟೆಗೆ? ತಪಸ್ಸುಕಾಲವನ್ನು ಆಚರಿಸುವ ಬಗೆ

ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ಉಪವಾಸ, ಪ್ರಾರ್ಥನೆಯ ಕಾಲವೇ ತಪಸ್ಸುಕಾಲ. ಅದು ಶುರುವಾಗುವ ವಿಭೂತಿ ಬುಧವಾರ ಹತ್ತಿರವಾದಂತೆ ನಮ್ಮ ಕ್ರೈಸ್ತ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, ‘ಈ ಸಲ ಏನು ಬಿಡುವುದು?’ ಕಾಫಿಯೋ, ಕೋಳಿ ಸಾರೋ, ರಾತ್ರಿಯ ಧಾರಾವಾಹಿಯೋ ಎಂದು ಚರ್ಚೆ ನಡೆಯುತ್ತದೆ. ಧರ್ಮೋಪದೇಶ ತರಗತಿಯಲ್ಲಿ ಹಲವು ವರ್ಷ ಮಕ್ಕಳ ನಡುವೆ ಕುಳಿತ ಮೇಲೆ ನಾನು ಆ ಪ್ರಶ್ನೆಯನ್ನು ಎರಡನೆಯದಾಗಿ ಇಟ್ಟುಕೊಂಡಿದ್ದೇನೆ. ಮೊದಲು ಕೇಳಬೇಕಾದದ್ದು, ಬಿಟ್ಟದ್ದು ಯಾರಿಗೆ ಸೇರುತ್ತದೆ ಎಂದು.

ಇದು ಹೊಸ ಮಾತಲ್ಲ. ಎರಡನೆಯ ಶತಮಾನದ ರೋಮಿನಲ್ಲಿದ್ದ ಹೆರ್ಮಸ ಎಂಬ ಕ್ರೈಸ್ತನ ಬರಹದಲ್ಲಿ ಉಪವಾಸದ ಕ್ರಮ ಹೀಗಿದೆ: ಆ ದಿನ ರೊಟ್ಟಿ ಮತ್ತು ನೀರು ಮಾತ್ರ. ಉಣ್ಣದೆ ಉಳಿದ ಊಟದ ಬೆಲೆಯನ್ನು ಲೆಕ್ಕಹಾಕಿ ಅಷ್ಟನ್ನೂ ವಿಧವೆಗೋ ಅನಾಥರಿಗೋ ಇಲ್ಲದವರಿಗೋ ಕೊಡಬೇಕು. ಕೊಡದೆ ಉಳಿಸಿಕೊಂಡರೆ ಅದು ಮಿತವ್ಯಯವಾಗಬಹುದು, ಉಪವಾಸವಾಗುವುದಿಲ್ಲ.

ಆದ್ದರಿಂದ ಬುಧವಾರಕ್ಕೆ ಮುಂಚೆಯೇ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ‘ಬಡವರು’ ಎಂಬ ದೊಡ್ಡ ಪದ ಬೇಡ. ಒಂದು ಮನೆ, ಒಂದು ಮುಖ ಸಾಕು. ನಿಮ್ಮ ಬೀದಿಯಲ್ಲಿ ಯಾರೂ ಹೊಳೆಯದಿದ್ದರೆ ಧರ್ಮಕೇಂದ್ರದ ಗುರುಗಳನ್ನೋ ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದೇ ಪಾಲ್ ಸಭೆಯ ಸದಸ್ಯರನ್ನೋ ವಿಚಾರಿಸಿ. ಇಂಥ ಮನೆಗಳ ಪರಿಚಯ ಅವರಿಗಿರುತ್ತದೆ. ನೆರವು ಬೇಕಾದವರು ಕ್ರೈಸ್ತರೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಹಸಿದವನಿಗೆ ಕೊಟ್ಟದ್ದು ನನಗೇ ಕೊಟ್ಟದ್ದು ಎಂದು ಯೇಸು ಹೇಳುವ ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಅಂಥ ಷರತ್ತನ್ನು ನಾನು ಕಂಡಿಲ್ಲ.

ಗೊತ್ತುಮಾಡಿಕೊಂಡ ಮೇಲೆ ಏನಾದರೂ ಕೊಂಡೊಯ್ಯುವ ಮುನ್ನ ಕೇಳಿ. ಒಂದು ವರ್ಷ ನಾನು ಒಂಟಿಯಾಗಿದ್ದ ಅಜ್ಜಿಯೊಬ್ಬರಿಗೆ ವಾರವಾರವೂ ಬಾಳೆಹಣ್ಣು, ಬಿಸ್ಕತ್ತು ಒಯ್ದೆ. ಮೂರನೆಯ ವಾರ ಅವರು ಸಂಕೋಚದಿಂದ ಬಾಯಿ ಬಿಟ್ಟರು. ಅವರಿಗೆ ಸಕ್ಕರೆ ಕಾಯಿಲೆ. ನಿಜವಾಗಿ ಬೇಕಿದ್ದುದು ನಿಂತುಹೋದ ಸಂಧ್ಯಾ ಸುರಕ್ಷಾ ಪಿಂಚಣಿಯನ್ನು ವಿಚಾರಿಸಲು ಬ್ಯಾಂಕಿನವರೆಗೆ ಜೊತೆಗೆ ಬರುವ ಒಬ್ಬರು. ಎರಡು ಬೆಳಗ್ಗೆ ಸರದಿಯಲ್ಲಿ ನಿಂತೆವು. ಆ ಎರಡು ಬೆಳಗಿನಲ್ಲಿ ನಾನು ಮಾಡಿದಷ್ಟು ಪ್ರಾರ್ಥನೆಯನ್ನು ಆ ವರ್ಷ ಗುಡಿಯಲ್ಲೂ ಮಾಡಿರಲಿಲ್ಲ.

ಈಗ ಅಡುಗೆಮನೆಗೆ ಬನ್ನಿ. ಮುಚ್ಚಳವಿರುವ ಖಾಲಿ ಡಬ್ಬಿಯೊಂದನ್ನು ಅಕ್ಕಿ ಡಬ್ಬಿಯ ಪಕ್ಕದಲ್ಲೇ ಇಡಿ. ಅನ್ನಕ್ಕೆ ಅಳೆದುಕೊಂಡ ಅಕ್ಕಿಯಿಂದ ಪ್ರತಿ ಸಲವೂ ಒಂದು ಹಿಡಿ ತೆಗೆದು ಅದಕ್ಕೆ ಹಾಕಿ. ಅಳೆದುಕೊಂಡದ್ದರಿಂದಲೇ ತೆಗೆಯಬೇಕು, ಮೂಟೆಯಿಂದಲ್ಲ. ಮನೆಯವರ ಪಾಲಿನಲ್ಲಿ ಅಷ್ಟು ಕಡಿಮೆಯಾದರೆ ಮಾತ್ರ ಅದು ತ್ಯಾಗ. ಮಿಜೋರಾಂನ ಕ್ರೈಸ್ತ ಮನೆಗಳಲ್ಲಿ ಇದು ವರ್ಷವಿಡೀ ನಡೆಯುವ ಪದ್ಧತಿ, ಹೆಸರು ‘ಬುಹ್‌ಫಾಯ್ ಥಾಮ್’. ನೂರಕ್ಕೂ ಹೆಚ್ಚು ವರ್ಷಗಳಿಂದ ಹೆಂಗಸರು ಒಲೆ ಹೊತ್ತಿಸುವಾಗ ಎತ್ತಿಟ್ಟ ಹಿಡಿ ಅಕ್ಕಿಯಿಂದ ಅಲ್ಲಿನ ಸಭೆಗಳ ಎಷ್ಟೋ ಕೆಲಸ ಸಾಗಿದೆ. ಹಿಡಿ ತುಂಬುವ ಕೆಲಸವನ್ನು ಮಕ್ಕಳಿಗೆ ಕೊಡಿ. ಮರೆತರೆ ಅವರೇ ನೆನಪಿಸುತ್ತಾರೆ.

ಉಪವಾಸದ ನಿಯಮ ಕಥೋಲಿಕರಿಗೆ ಕಠಿಣವೇನಲ್ಲ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಒಂದು ಪೂರ್ಣ ಊಟ, ಎರಡು ಸಣ್ಣ ಆಹಾರ. ಇದು 18ರಿಂದ 59 ವರ್ಷದವರಿಗೆ. ಈ ಎರಡು ದಿನಗಳಲ್ಲೂ ತಪಸ್ಸುಕಾಲದ ಉಳಿದ ಶುಕ್ರವಾರಗಳಲ್ಲೂ 14 ತುಂಬಿದವರು ಮಾಂಸ ಬಿಡುತ್ತಾರೆ. ರೋಗಿಗಳು, ಗರ್ಭಿಣಿಯರು, ಮೈಮುರಿದು ದುಡಿಯುವವರು ಉಪವಾಸ ಮಾಡಲಾಗದಿದ್ದರೆ ಅದು ತಪ್ಪಲ್ಲ. ವಿಭೂತಿ ಬುಧವಾರದಿಂದ ಪಾಸ್ಕ ಹಬ್ಬದ ಹಿಂದಿನ ದಿನದವರೆಗೆ 46 ದಿನಗಳಾಗುತ್ತವೆ. ಅದರಲ್ಲಿ ಉಪವಾಸವಿಲ್ಲದ ಆರು ಭಾನುವಾರಗಳನ್ನು ಕಳೆದರೆ ಉಳಿಯುವುದೇ 40.

ಪ್ರಾರ್ಥನೆಗೆ ನಾನು ಹೇಳುವುದು ಒಂದೇ ದಾರಿ: ಶುಕ್ರವಾರದ ಶಿಲುಬೆ ಹಾದಿ, ಅಂದರೆ ಯೇಸು ಶಿಲುಬೆ ಹೊತ್ತು ನಡೆದುದನ್ನು ಹದಿನಾಲ್ಕು ಸ್ಥಳಗಳಲ್ಲಿ ನಿಂತು ಧ್ಯಾನಿಸುವುದು. ಹದಿನಾಲ್ಕು ಸ್ಥಳಗಳನ್ನೂ ಅವಸರದಲ್ಲಿ ದಾಟಬೇಡಿ, ವಾರಕ್ಕೊಂದನ್ನು ಮನೆಗೆ ಕೊಂಡೊಯ್ಯಿರಿ. ನನ್ನನ್ನು ಪ್ರತಿ ವರ್ಷ ಹಿಡಿದು ನಿಲ್ಲಿಸುವುದು ಐದನೆಯದು. ಸಿರೇನಿನ ಸಿಮೋನ ಸ್ವಂತ ಇಚ್ಛೆಯಿಂದ ಶಿಲುಬೆಗೆ ಹೆಗಲು ಕೊಟ್ಟವನಲ್ಲ. ಹೊಲದಿಂದ ಬರುತ್ತಿದ್ದವನನ್ನು ಸೈನಿಕರು ಹಿಡಿದು ಹೊರಿಸಿದರು. ಆದರೂ ಹೊತ್ತ, ಯೇಸುವಿನ ಬೆನ್ನಿಗೇ ನಡೆದ. ಹಾಸಿಗೆ ಹಿಡಿದ ಮಾವನ ಆರೈಕೆಯನ್ನು ಗೊಣಗುತ್ತಲೇ ಮಾಡುವ ಸೊಸೆಗೆ, ರಾತ್ರಿ ಪಾಳಿಯ ನಂತರವೂ ನೆರೆಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ಮಗನಿಗೆ ಈ ಸ್ಥಳ ತುಂಬ ಹತ್ತಿರದ್ದು. ಮನಸ್ಸು ಒಪ್ಪುವವರೆಗೆ ಕಾಯುತ್ತ ಕೂರಬೇಡಿ. ಹೆಗಲು ಮೊದಲು ಕೊಡಿ.

ಸೇವೆಯ ಫೋಟೊ ತೆಗೆಯಬೇಡಿ. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯದಿರಲಿ ಎಂಬ ಮಾತನ್ನು ವಿಭೂತಿ ಬುಧವಾರದ ಬಲಿಪೂಜೆಯಲ್ಲೇ ಕೇಳಿರುತ್ತೇವೆ. ಸಂಜೆ ಅಕ್ಕಿ ಕೊಟ್ಟ ಮನೆಯ ಚಿತ್ರ ವಾಟ್ಸ್ಆ್ಯಪ್ ಗುಂಪಿಗೆ ಹೋದರೆ ಆ ಮನೆಯ ಮಗು ಮರುದಿನ ಶಾಲೆಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ.

ಇನ್ನೊಂದು ಕೆಲಸ ಉಳಿದಿದೆ, ಎಲ್ಲಕ್ಕಿಂತ ಕಷ್ಟದ್ದು. ಆಸ್ತಿ ಪಾಲಿನಲ್ಲೋ ಮದುವೆ ಮನೆಯ ಮಾತಿನಲ್ಲೋ ಮುನಿದು ದೂರವಾದ ಒಡಹುಟ್ಟಿದವರಿದ್ದರೆ, ಪಾಪನಿವೇದನೆಗೆ ಹೋಗುವ ಮುನ್ನ ಅವರಿಗೊಂದು ಫೋನ್ ಮಾಡಿ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗು ಎಂದಿದ್ದಾನೆ ಯೇಸು. ಅವರು ಫೋನ್ ಎತ್ತದಿದ್ದರೆ ಪಾಸ್ಕಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಮತ್ತೊಮ್ಮೆ ಮಾಡಿ.

ಆ ಭಾನುವಾರದಿಂದ ಶುರುವಾಗುವ ಪವಿತ್ರ ವಾರ ಬಂದಾಗ ಡಬ್ಬಿಯ ಅಕ್ಕಿಯನ್ನು ಚೀಲಕ್ಕೆ ಸುರಿದು, ಬೇಳೆ, ಬೆಲ್ಲ, ಎಣ್ಣೆಯನ್ನೂ ಜೊತೆಗಿಡಿ. ಬಿಟ್ಟ ಕಾಫಿಯ ದುಡ್ಡು ಇದಕ್ಕೇ. ಇದನ್ನು ಶನಿವಾರ ಮಧ್ಯಾಹ್ನದೊಳಗೆ ತಲುಪಿಸಿ. ಸಂಜೆಯಾದರೆ ನೀವು ಪಾಸ್ಕ ಜಾಗರಣೆಗೆ ಹೊರಡುವ ಗಡಿಬಿಡಿಯಲ್ಲಿರುತ್ತೀರಿ. ಭಾನುವಾರ ಬೆಳಗ್ಗೆ ನಿಮ್ಮ ಮನೆಯಲ್ಲಿ ಪಾಯಸ ಕುದಿಯುವ ಹೊತ್ತಿಗೆ ಆ ಮನೆಯ ಒಲೆಯ ಮೇಲೂ ಪಾತ್ರೆ ಇರಬೇಕು.